ರಾತ್ರಿ ಟಾರ್ಚ್ ಬಿಟ್ಟಾಗ ಹೊಳೆಯುವ ಕಣ್ಣುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಎರಡು ಕೋಣೆಗಳನ್ನು ಉಳಿಯಲು ಬರುವವರಿಗೆ ಬಿಟ್ಟಿದ್ದೇವೆ. ರಾತ್ರಿ ಊಟ ಆದ ಮೇಲೆ ತಲೆಗೆ ಟಾರ್ಚ್ ಕಟ್ಟಿಕೊಂಡು, ಬಂದವರನ್ನೆಲ್ಲ ಕರೆದುಕೊಂಡು ತೋಟದ ರಸ್ತೆಯಲ್ಲಿ ಒಂದು ಸುತ್ತು ಹಾಕುವುದು ನನ್ನ ಹಳೆಯ ಚಟ. ಬರುವ ಜನ ಬೇರೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಅವೇ. "ದಿನಾ ಅದನ್ನೇ ಒದರುವ ಬದಲು ಒಂದು ಸಲ ಬರೆದಿಡಿ" ಅಂತ ನಮ್ಮ ಮನೆಯವಳು ಹೇಳಿದಳು. ಬರೆದಿದ್ದೇನೆ.

ದನದ ಕಣ್ಣು ಟಾರ್ಚಿಗೆ ಹೊಳೆಯುತ್ತದೆ. ನಮ್ಮ ಕಣ್ಣು ಯಾಕೆ ಹೊಳೆಯುವುದಿಲ್ಲ?

ದನದ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ನಮ್ಮಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಣ್ಣಿನೊಳಗೆ ಬಂದ ಬೆಳಕು ಹಿಂದೆ ಇರುವ ರೆಟಿನಾ ಎಂಬ ತೆಳು ಪರದೆಯ ಮೇಲೆ ಬೀಳುತ್ತದೆ. ಅಲ್ಲಿರುವ ಕೋಶಗಳು ಬೆಳಕನ್ನು ಹಿಡಿಯುತ್ತವೆ, ಆದರೆ ಬಂದದ್ದೆಲ್ಲವನ್ನೂ ಅಲ್ಲ. ಒಂದಷ್ಟು ಸಿಕ್ಕದೆ ತಪ್ಪಿಸಿಕೊಂಡು ಹಿಂದಕ್ಕೆ ಹೋಗುತ್ತದೆ. ನಮ್ಮ ಕಣ್ಣಿನಲ್ಲಿ ಹಾಗೆ ತಪ್ಪಿಸಿಕೊಂಡದ್ದನ್ನು ಹಿಂದಿನ ಕಪ್ಪು ಪದರ ನುಂಗಿಬಿಡುತ್ತದೆ. ದನ, ಮೇಕೆ, ನಾಯಿ, ಬೆಕ್ಕು, ಚಿರತೆ, ಕಡವೆ ಇವುಗಳ ಕಣ್ಣಿನಲ್ಲಿ ಆ ಜಾಗದಲ್ಲಿ ಕನ್ನಡಿ ಕೂತಿದೆ, ಅದಕ್ಕೆ ಟೇಪೀಟಂ ಅಂತ ಹೆಸರು. ತಪ್ಪಿಸಿಕೊಂಡ ಬೆಳಕನ್ನು ಅದು ವಾಪಸ್ ಕಳಿಸುತ್ತದೆ, ಕೋಶಗಳಿಗೆ ಹಿಡಿಯಲು ಇನ್ನೊಂದು ಅವಕಾಶ ಸಿಗುತ್ತದೆ. ಎರಡನೇ ಸಲವೂ ತಪ್ಪಿಸಿಕೊಂಡದ್ದು ಪಾಪೆಯ, ಅಂದರೆ ಕಣ್ಣಿನ ನಡುವಿನ ಕಪ್ಪು ಕಿಂಡಿಯ, ಮೂಲಕ ಹೊರಗೆ ಬರುತ್ತದೆ. ನಮಗೆ ಕಾಣುವ ಹೊಳಪು ಅದೇ. ಅಂದರೆ ಅದು ನಮ್ಮ ಟಾರ್ಚಿನದೇ ಬೆಳಕು. ಪ್ರಾಣಿಯ ಕಣ್ಣು ತಾನಾಗಿ ಉರಿಯುವುದಿಲ್ಲ, ಕೆಂಡ ಕಾರುವುದೂ ಇಲ್ಲ.

ಆ ಕನ್ನಡಿ ಎಲ್ಲದರಲ್ಲೂ ಒಂದೇ ತರ ಇರುವುದಿಲ್ಲ. ದನ, ಕುರಿ, ಮೇಕೆ, ಕುದುರೆಯಲ್ಲಿ ಅದು ನೂಲಿನಂಥ ಎಳೆಗಳು ಒತ್ತೊತ್ತಾಗಿ ಕೂತು ಆದದ್ದು. ಬೆಕ್ಕು, ನಾಯಿಗಳಲ್ಲಿ ಹೊಳೆಯುವ ಸಣ್ಣ ಕಡ್ಡಿಗಳು ತುಂಬಿದ ಕೋಶಗಳ ಪದರ. ಬೆಕ್ಕಿನ ಕಡ್ಡಿಗಳಲ್ಲಿ ರೈಬೋಫ್ಲೇವಿನ್ ಎಂಬ ವಿಟಮಿನ್ ಇರುತ್ತದೆ, ನಾಯಿಯವುಗಳಲ್ಲಿ ಸತು.

ಇಷ್ಟೊಂದು ಲಾಭ ಇದ್ದರೆ ನಮಗೇಕೆ ಇಲ್ಲ ಅಂತ ಕೇಳಬಹುದು. ಲಾಭದ ಜೊತೆ ನಷ್ಟವೂ ಇದೆ. ವಾಪಸ್ ಬರುವ ಬೆಳಕು ಹೋದ ದಾರಿಯಲ್ಲೇ ಕರಾರುವಾಕ್ಕಾಗಿ ಬರುವುದಿಲ್ಲ, ಸ್ವಲ್ಪ ಚದುರುತ್ತದೆ, ಚಿತ್ರ ಅಷ್ಟು ಮಸುಕಾಗುತ್ತದೆ. ಹಗಲಿನಲ್ಲಿ ಓಡಾಡುವ ನಮಗೂ ಕೋತಿಗಳಿಗೂ ಚಿತ್ರ ಚೊಕ್ಕವಾಗಿರುವುದು ಮುಖ್ಯ. ಫ್ಲ್ಯಾಶ್ ಹಾಕಿ ಫೋಟೋ ತೆಗೆದಾಗ ನಮ್ಮ ಕಣ್ಣು ಕೆಂಪಗೆ ಬರುತ್ತದಲ್ಲ, ಅದು ಕನ್ನಡಿಯಲ್ಲ, ಕಣ್ಣಿನ ಹಿಂದಿನ ರಕ್ತನಾಳಗಳ ಬಣ್ಣ.

ಹೊಳೆಯುವ ಬಣ್ಣ ನೋಡಿ ಯಾವ ಪ್ರಾಣಿ ಅಂತ ಹೇಳಬಹುದಾ?

ಹೇಳುವವರು ಬಹಳ ಜನ ಇದ್ದಾರೆ. ನಾನು ಹೇಳುವುದಿಲ್ಲ.

ಒಮ್ಮೆ ಬಂದಿದ್ದ ಒಬ್ಬರು ಕೆರೆ ಏರಿಯ ಹತ್ತಿರ ಎರಡು ಹಸಿರು ಕಣ್ಣು ಕಂಡದ್ದೇ "ಚಿರತೆ!" ಅಂತ ಕೂಗಿ, ಚಪ್ಪಲಿ ಅಲ್ಲೇ ಬಿಟ್ಟು ಮನೆ ಸೇರಿದರು. ಬೆಳಿಗ್ಗೆ ನೋಡಿದರೆ ಪಕ್ಕದ ತೋಟದವರ ಗಿಡ್ಡ ತಳಿಯ ಕರು ಹಗ್ಗ ಕಿತ್ತುಕೊಂಡು ಬಂದು ನಮ್ಮ ಬಾಳೆ ತಿಂದಿತ್ತು. ಒಂದೇ ಪ್ರಾಣಿಯ ಹೊಳಪು ನಾವು ನಿಂತ ಕೋನ ಬದಲಾದ ಹಾಗೆ ಹಸಿರು, ಹಳದಿ, ನೀಲಿ ಅಂತ ಬದಲಾಗುತ್ತದೆ. ವಯಸ್ಸಿನಿಂದಲೂ ಬದಲಾಗುತ್ತದೆ. ನಾಯಿಮರಿ, ಬೆಕ್ಕಿನ ಮರಿಗಳಲ್ಲಿ ಅದು ನೀಲಿಯ ಕಡೆಗೆ ಇರುತ್ತದೆ. ಹಾಗಾಗಿ ಬಣ್ಣಕ್ಕಿಂತ ಬೇರೆ ಲೆಕ್ಕ ನೋಡಬೇಕು. ನೆಲದಿಂದ ಎಷ್ಟು ಎತ್ತರದಲ್ಲಿದೆ, ಎರಡು ಕಣ್ಣಿನ ನಡುವೆ ಎಷ್ಟು ಅಂತರ ಇದೆ, ಎರಡೂ ಒಟ್ಟಿಗೆ ಕಾಣುತ್ತವೋ ಒಂದೊಂದೇ ಕಾಣುತ್ತದೋ. ಮುಂದಕ್ಕೆ ನೋಡುವ ಕಣ್ಣಾದರೆ ಎರಡೂ ಒಟ್ಟಿಗೆ ಕಾಣುತ್ತವೆ. ಪಕ್ಕಕ್ಕೆ ನೋಡುವ ಕಣ್ಣಾದರೆ ಬಹಳ ಸಲ ಒಂದೇ.

ರಸ್ತೆಯ ಮಧ್ಯೆ ನೆಲಕ್ಕೆ ಅಂಟಿದ ಹಾಗೆ ಕೆಂಪು ಕಿಡಿ ಕಂಡು, ಹತ್ತಿರ ಹೋದಾಗ ಸದ್ದಿಲ್ಲದೆ ಹಾರಿತು ಅಂದರೆ ಅದು ನೈಟ್‌ಜಾರ್ ಹಕ್ಕಿ. ಹುಲ್ಲಿನಲ್ಲಿ ಇಬ್ಬನಿ ಹನಿಯ ಹಾಗೆ ನೀಲಿ ಹಸಿರು ಚುಕ್ಕಿಗಳು ಮಿನುಗುತ್ತಿದ್ದರೆ ಬಗ್ಗಿ ನೋಡಿ, ಬಹುತೇಕ ತೋಳಜೇಡ. ಅವುಗಳ ಕಣ್ಣಿನಲ್ಲೂ ಕನ್ನಡಿ ಇದೆ. ಮಳೆಗಾಲ ಮುಗಿದ ಮೇಲೆ ನಮ್ಮ ಅಂಗಳದ ಹುಲ್ಲಿನಲ್ಲಿ ಒಂದೊಂದು ರಾತ್ರಿ ಹತ್ತಿಪ್ಪತ್ತು ಎಣಿಸಿದ್ದೇನೆ. ಮಕ್ಕಳಿಗೆ ಚಿರತೆಗಿಂತ ಇದೇ ಜಾಸ್ತಿ ಇಷ್ಟ.

ಒಂದು ಎಚ್ಚರಿಕೆ. ಹಂದಿಗೆ ಈ ಕನ್ನಡಿ ಇಲ್ಲ. ಟಾರ್ಚಿಗೆ ಏನೂ ಹೊಳೆಯಲಿಲ್ಲ ಅಂತ ಧೈರ್ಯವಾಗಿ ಪೊದೆಯ ಹತ್ತಿರ ಹೋಗಬೇಡಿ, ಕಾಡುಹಂದಿ ಅಲ್ಲೇ ನಿಂತಿರಬಹುದು.

ಟಾರ್ಚ್ ತಲೆಗೇ ಕಟ್ಟಬೇಕಾ? ಕೈಯಲ್ಲಿ ಹಿಡಿದರೆ ಆಗಲ್ವಾ?

ಕೈಯಲ್ಲಿ ಹಿಡಿದರೆ ಹೊಳಪು ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಪ್ರಾಣಿಯ ಕಣ್ಣು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ. ನೀವು ಸೊಂಟದ ಹತ್ತಿರ ಹಿಡಿದಿದ್ದರೆ ಅದು ನಿಮ್ಮ ಸೊಂಟಕ್ಕೇ ವಾಪಸ್ ಬರುತ್ತದೆ. ಸೊಂಟಕ್ಕೆ ಕಣ್ಣಿಲ್ಲವಲ್ಲ. ಹೆಡ್ ಟಾರ್ಚ್ ಇಲ್ಲದಿದ್ದರೆ ಮಾಮೂಲಿ ಟಾರ್ಚನ್ನೇ ಕೆನ್ನೆಗೆ ಆನಿಸಿ ಹಿಡಿಯಿರಿ.

ಬೆಕ್ಕಿಗೆ ಕಗ್ಗತ್ತಲಲ್ಲೂ ಕಾಣುತ್ತದಂತೆ, ನಿಜವಾ?

ಇಲ್ಲ. ಬೆಳಕೇ ಇಲ್ಲದ ಕಡೆ ಯಾವ ಕಣ್ಣಿಗೂ ಏನೂ ಕಾಣುವುದಿಲ್ಲ. ನಮಗೆ ಬೇಕಾದ ಬೆಳಕಿನ ಆರನೇ ಒಂದು ಭಾಗ ಇದ್ದರೆ ಬೆಕ್ಕಿಗೆ ಸಾಕು ಅನ್ನುತ್ತಾರೆ. ನಕ್ಷತ್ರದ ಬೆಳಕು ಅದಕ್ಕೆ ಧಾರಾಳ. ಬಾಗಿಲು ಹಾಕಿದ ಗೋದಾಮಿನೊಳಗೆ ಅದು ಮೀಸೆ, ಕಿವಿ, ಮೂಗು ನಂಬಿಕೊಂಡೇ ಓಡಾಡಬೇಕು.

ಬೆಳಕು ಕಣ್ಣೊಳಗೆ ಹೋದ ಮೇಲೆ ಏನಾಗುತ್ತದೆ? ಕತ್ತಲೆಯಲ್ಲಿ ಬಣ್ಣ ಯಾಕೆ ಕಾಣುವುದಿಲ್ಲ?

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಉಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಮುಖ್ಯವಾಗಿ ಎರಡು ಜಾತಿ. ಒಂದು ಕಡ್ಡಿಯ ಆಕಾರದ್ದು, ಇನ್ನೊಂದು ಶಂಕುವಿನ ಆಕಾರದ್ದು. ಕಡ್ಡಿಕೋಶಕ್ಕೆ ಮಂದ ಬೆಳಕು ಸಾಕು, ಆದರೆ ಬಣ್ಣ ಗೊತ್ತಾಗುವುದಿಲ್ಲ. ಶಂಕುಕೋಶ ಬಣ್ಣ ಹೇಳುತ್ತದೆ, ಆದರೆ ಅದಕ್ಕೆ ಜಾಸ್ತಿ ಬೆಳಕು ಬೇಕು. ನಮ್ಮ ಒಂದೊಂದು ಕಣ್ಣಿನಲ್ಲಿ ಸುಮಾರು 9ರಿಂದ 12 ಕೋಟಿ ಕಡ್ಡಿಕೋಶ, 60 ಲಕ್ಷದಷ್ಟು ಶಂಕುಕೋಶ ಇವೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ಮಾತ್ರ ಬರೀ 10 ಲಕ್ಷದ ಆಸುಪಾಸು. ಇಷ್ಟು ಕೋಶಗಳ ಸುದ್ದಿ ಅಷ್ಟೇ ಎಳೆಗಳಲ್ಲಿ ಹೋಗಬೇಕು.

ಕಾಫಿ ಕುಯ್ಲು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಣ್ಣು ತುಂಬಿದ ವರ್ಷ ಒಬ್ಬೊಬ್ಬರಿಗೂ ಒಂದೊಂದು ಚೀಲ. ಸಂಜೆ ತೂಕ ಹಾಕಿದಾಗ ಯಾರ ಸಾಲಿನಲ್ಲಿ ಎಷ್ಟು ಹಣ್ಣಿತ್ತು ಅಂತ ಸರಿಯಾಗಿ ಗೊತ್ತಾಗುತ್ತದೆ. ಕೊನೆಯ ಸುತ್ತಿನಲ್ಲಿ, ಗಿಡಕ್ಕೆ ನಾಲ್ಕೇ ಹಣ್ಣು ಇರುವಾಗ, ಹತ್ತು ಜನ ಕುಯ್ದದ್ದನ್ನು ಒಂದೇ ಚೀಲಕ್ಕೆ ಸುರಿಯುತ್ತೇವೆ. ಚೀಲವೇನೋ ತುಂಬುತ್ತದೆ, ಆದರೆ ಯಾವ ಹಣ್ಣು ಯಾವ ಗಿಡದ್ದು ಅಂತ ಕೇಳಿದರೆ ದೇವರೇ ಬಲ್ಲ. ಕಡ್ಡಿಕೋಶಗಳು ಮಾಡುವುದು ಇದೇ ಕೆಲಸ. ನೂರಾರು ಕೋಶ ಸೇರಿ ಒಂದು ಎಳೆಗೆ ಸುರಿಯುತ್ತವೆ. ಇದರಿಂದ ಮಬ್ಬಿನಲ್ಲೂ ಏನೋ ಇದೆ ಅಂತ ಗೊತ್ತಾಗುತ್ತದೆ, ವಿವರ ಮಾತ್ರ ಸಿಗುವುದಿಲ್ಲ. ನಮ್ಮ ರೆಟಿನಾದ ನಟ್ಟನಡುವೆ ಮಾತ್ರ ಒಂದೊಂದು ಶಂಕುಕೋಶಕ್ಕೂ ಅದರದೇ ಚೀಲ ಇದೆ. ಪೇಪರ್ ಓದುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲಾ ಆ ಪುಟ್ಟ ಜಾಗದಿಂದ.

ಕಡ್ಡಿಕೋಶದೊಳಗೆ ರೊಡಾಪ್ಸಿನ್ ಎಂಬ ಬಣ್ಣದ ವಸ್ತು ಇದೆ. ಬೆಳಕು ತಾಗಿದರೆ ಅದರೊಳಗಿನ ಬಾಗಿದ ಒಂದು ಅಣು ನೆಟ್ಟಗಾಗುತ್ತದೆ, ಅದೇ ನೋಟದ ಮೊದಲ ಹೆಜ್ಜೆ. ಆ ಅಣು ತಯಾರಾಗುವುದು ವಿಟಮಿನ್ ಎ ಇಂದ. ಅದಕ್ಕೇ ವಿಟಮಿನ್ ಎ ಕಡಿಮೆಯಾದರೆ ಮೊದಲು ಇರುಳುಗಣ್ಣು ಬರುವುದು. ಜೋರು ಬೆಳಕಿಗೆ ಕೆಟ್ಟ ರೊಡಾಪ್ಸಿನ್ ಪೂರಾ ಸರಿಯಾಗಲು ಅರ್ಧ ಗಂಟೆಯ ಹತ್ತಿರ ಹತ್ತಿರ ಬೇಕು. ಆದ್ದರಿಂದ ತೋಟದಲ್ಲಿ ನಡೆಯುವಾಗ ಮಧ್ಯೆ ಮಧ್ಯೆ ಮೊಬೈಲ್ ತೆಗೆದು ನೋಡಬೇಡಿ ಅಂತ ನಾನು ಗೊಣಗುವುದು. ಒಬ್ಬರು ತೆಗೆದರೆ ಸುತ್ತ ನಿಂತ ಎಲ್ಲರ ಕಣ್ಣೂ ಮೊದಲಿನಿಂದ ಶುರು ಮಾಡಬೇಕು. ಕೆಂಪು ಬೆಳಕು ರೊಡಾಪ್ಸಿನ್‌ಗೆ ಅಷ್ಟಾಗಿ ತಾಗುವುದಿಲ್ಲ, ಅದಕ್ಕೇ ನನ್ನ ಟಾರ್ಚಿಗೆ ಕೆಂಪು ಹಾಳೆ ಸುತ್ತಿರುವುದು. ಚಂದಕ್ಕಲ್ಲ.

ಬೆಕ್ಕಿನ ಪಾಪೆ ನೆಟ್ಟನೆ ಸೀಳು, ಮೇಕೆಯದು ಅಡ್ಡ ಸೀಳು, ಚಿರತೆಯದು ದುಂಡು. ಯಾಕೆ ಹೀಗೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. 2015ರಲ್ಲಿ ಮಾರ್ಟಿನ್ ಬ್ಯಾಂಕ್ಸ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 214 ಜಾತಿಯ ನೆಲದ ಪ್ರಾಣಿಗಳ ಪಾಪೆ ಹೋಲಿಸಿ ನೋಡಿದರು. ಹುಲ್ಲು ಮೇಯುವ, ಯಾರಿಗೋ ಊಟವಾಗುವ ಭಯ ಇರುವ ಪ್ರಾಣಿಗಳಿಗೆ ಅಡ್ಡ ಪಾಪೆ. ನೆಲಕ್ಕೆ ಹತ್ತಿರವಾಗಿ ಹೊಂಚು ಹಾಕಿ ಹಿಡಿಯುವವಕ್ಕೆ ನೆಟ್ಟನೆ ಸೀಳು. ಅಡ್ಡ ಪಾಪೆ ಇದ್ದರೆ ಎಡಬಲದ ಬೆಳಕು ಜಾಸ್ತಿ ಒಳಗೆ ಬರುತ್ತದೆ, ನೆತ್ತಿಯ ಮೇಲಿನ ಬಿಸಿಲು ಕಡಿಮೆ. ನೆಲದುದ್ದಕ್ಕೂ ಎಲ್ಲಿಂದ ಯಾರು ಬಂದರೂ ಗೊತ್ತಾಗುತ್ತದೆ. ನೆಟ್ಟನೆ ಸೀಳು ಹೊಂಚುಗಾರನಿಗೆ ದೂರ ಅಳೆಯಲು ಅನುಕೂಲ, ಎಷ್ಟು ದೂರ ಹಾರಬೇಕು ಅನ್ನುವುದೇ ಅದರ ಹೊಟ್ಟೆಪಾಡು. ಹುಲಿ, ಸಿಂಹ, ಚಿರತೆಗಳ ತಲೆ ನೆಲದಿಂದ ಎತ್ತರ ಇರುವುದರಿಂದ ಆ ಅನುಕೂಲ ಅಷ್ಟು ಸಿಗುವುದಿಲ್ಲ, ಅವುಗಳ ಪಾಪೆ ದುಂಡಗೇ ಇದೆ.

ಸೀಳಿನ ಇನ್ನೊಂದು ಲಾಭ ಎಂದರೆ ಅದನ್ನು ತುಂಬಾ ಬಿಗಿಯಾಗಿ ಮುಚ್ಚಬಹುದು, ತುಂಬಾ ಅಗಲಕ್ಕೆ ತೆರೆಯಬಹುದು. ನಮ್ಮ ದುಂಡು ಪಾಪೆಯ ವಿಸ್ತೀರ್ಣ ಸುಮಾರು 15 ಪಟ್ಟು ಹಿಗ್ಗಿದರೆ, ಬೆಕ್ಕಿನದು 135 ಪಟ್ಟು. ಮಧ್ಯಾಹ್ನ ಕಣದಲ್ಲಿ ಕಾಫಿ ಒಣಗುತ್ತಿರುವಾಗ ಪಕ್ಕದಲ್ಲಿ ಮಲಗಿದ ಬೆಕ್ಕಿನ ಕಣ್ಣು ನೋಡಿ, ಗೆರೆ ಎಳೆದ ಹಾಗೆ ಇರುತ್ತದೆ. ಅದೇ ಬೆಕ್ಕನ್ನು ಸಂಜೆ ಒಲೆಯ ಪಕ್ಕ ನೋಡಿ, ಕಣ್ಣು ಪೂರ್ತಿ ಕಪ್ಪು.

ಮೇಕೆಯ ವಿಷಯದಲ್ಲಿ ನನಗೊಂದು ಅನುಮಾನ ಇತ್ತು. ಮೇಯಲು ತಲೆ ಬಗ್ಗಿಸಿದರೆ ಅಡ್ಡ ಪಾಪೆ ನೆಟ್ಟಗೆ ಆಗಿಬಿಡಬೇಕಲ್ಲ, ಆಗ ಲಾಭ ಏನು ಬಂತು? ಮೇಕೆ ತಲೆ ಬಗ್ಗಿಸಿದಷ್ಟೂ ಅದರ ಕಣ್ಣುಗುಡ್ಡೆಗಳು ಗೂಡಿನೊಳಗೇ ಉಲ್ಟಾ ತಿರುಗುತ್ತವೆ, 50 ಡಿಗ್ರಿಯವರೆಗೂ, ಪಾಪೆ ನೆಲಕ್ಕೆ ಸಮನಾಗಿಯೇ ಉಳಿಯುತ್ತದೆ. ಓದಿ ನಂಬಿಕೆ ಬರದೆ ಪಕ್ಕದ ಮನೆಯವರ ಮೇಕೆಯ ಹಿಂದೆ ಒಂದು ಮಧ್ಯಾಹ್ನವೆಲ್ಲ ಸುತ್ತಿದೆ. ನಿಜ.

ದನಕ್ಕೆ ಸುಮಾರು 330 ಡಿಗ್ರಿ ಕಾಣುತ್ತದೆ. ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಕೊಟ್ಟಿಗೆಗೆ ಹೋದಾಗ ಸದ್ದಿಲ್ಲದೆ ಅಲ್ಲಿಂದಲೇ ಹೋಗಿ ಫೋಟೋ ತೆಗೆಯುವವರು ಇದ್ದಾರೆ. ಒದೆ ತಿಂದ ಮೇಲೆ ದನದ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ನಾಯಿಗೆ ಬರೀ ಕಪ್ಪು ಬಿಳುಪು ಕಾಣುತ್ತದಾ? ಹೋರಿಗೆ ಕೆಂಪು ಕಂಡರೆ ರೇಗುತ್ತದಾ?

ಎರಡೂ ತಪ್ಪು. ನಮಗೆ ಶಂಕುಕೋಶ ಮೂರು ಬಗೆ. ನಾಯಿ, ದನ, ಜಿಂಕೆ, ಇನ್ನೂ ಬಹಳಷ್ಟು ಸಸ್ತನಿಗಳಿಗೆ ಎರಡು ಬಗೆ. ಅವುಗಳಿಗೆ ನೀಲಿ ಬೇರೆ, ಹಳದಿ ಬೇರೆ ಅಂತ ಚೆನ್ನಾಗಿ ಗೊತ್ತಾಗುತ್ತದೆ, ಕೆಂಪಿಗೂ ಹಸಿರಿಗೂ ವ್ಯತ್ಯಾಸ ಸಿಗುವುದಿಲ್ಲ. ಹೋರಿ ನುಗ್ಗುವುದು ಬಟ್ಟೆ ಅಲ್ಲಾಡುವುದಕ್ಕೆ, ಬಣ್ಣಕ್ಕಲ್ಲ. ನಾಯಿಗೆ ಆಟಕ್ಕೆ ಕೆಂಪು ಚೆಂಡು ತಂದು ಹುಲ್ಲಿನಲ್ಲಿ ಎಸೆದು, ಹುಡುಕಲಿಲ್ಲ ಅಂತ ದಡ್ಡ ನಾಯಿ ಅನ್ನುತ್ತೇವೆ. ನೀಲಿ ಚೆಂಡು ತನ್ನಿ.

ನಮಗೂ, ಕೋತಿ ಮುಸಿಯಗಳಿಗೂ ಮೂರನೇ ಬಗೆ ಇರುವುದರಿಂದ ಹಸಿರೆಲೆಯ ನಡುವೆ ಕೆಂಪು ಹಣ್ಣು ಎದ್ದು ಕಾಣುತ್ತದೆ. ಹಣ್ಣು, ಚಿಗುರು ಹುಡುಕುವುದಕ್ಕೇ ಆ ಕಣ್ಣು ಬಂತು ಅಂತ ಹೇಳುವ ವಿಜ್ಞಾನಿಗಳು ಇದ್ದಾರೆ. ಕಾಫಿ ಹಣ್ಣಾಗುವ ಕಾಲದಲ್ಲಿ ನಮ್ಮ ತೋಟದ ಕೋತಿಗಳನ್ನು ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ.

ಇಲ್ಲಿ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ನಮ್ಮಲ್ಲಿ ಕುಯ್ಲಿಗೆ ಬರುತ್ತಿದ್ದ ಒಬ್ಬ ಹುಡುಗನ ಚೀಲದಲ್ಲಿ ಯಾವಾಗಲೂ ಹಸಿರು ಕಾಯಿ ಜಾಸ್ತಿ ಇರುತ್ತಿತ್ತು. ಸೋಮಾರಿ ಅಂತ ಎರಡು ವರ್ಷ ಬೈದಿದ್ದೇನೆ. ಆಮೇಲೆ ಡ್ರೈವಿಂಗ್ ಕಲಿಯಲು ಹೋದಾಗ ಗೊತ್ತಾಯಿತು, ಅವನಿಗೆ ಕೆಂಪು ಹಸಿರು ಬೇರೆ ಮಾಡಲು ಬರುವುದಿಲ್ಲ, ಹುಟ್ಟಿದಾಗಿನಿಂದ. ಪಾಪ, ಅವನು ಹಣ್ಣನ್ನು ಹಿಸುಕಿ ನೋಡಿ ಕುಯ್ಯುತ್ತಿದ್ದ.

ಹುಲಿ ಅಷ್ಟು ಢಾಳಾದ ಕಿತ್ತಳೆ ಬಣ್ಣ. ಜಿಂಕೆಗೆ ಕಾಣಲ್ವಾ?

ಭದ್ರಾ ಅಭಯಾರಣ್ಯಕ್ಕೆ ಹೋಗಿ ಬಂದವರೆಲ್ಲ ಕೇಳುವುದು ಇದನ್ನೇ. ಮೇಲೆ ಹೇಳಿದ ಕಾರಣವೇ. ಜಿಂಕೆಯ ಕಣ್ಣಿಗೆ ಕಿತ್ತಳೆಯೂ ಹಸಿರೂ ಒಂದೇ ಗುಂಪು. ಹುಲಿ ಅದಕ್ಕೆ ಹುಲ್ಲಿನ ಬಣ್ಣದಲ್ಲೇ ಕಾಣುತ್ತದೆ, ಮೇಲಿನ ಪಟ್ಟೆಗಳು ಬಿದಿರಿನ ನೆರಳಿನಂತೆ. ಸಸ್ತನಿಗಳ ಕೂದಲಿಗೆ ಹಸಿರು ಬಣ್ಣ ಮಾಡಿಕೊಳ್ಳಲು ಬರುವುದಿಲ್ಲ. ಜಿಂಕೆಯ ಕಣ್ಣು ಹೀಗಿರುವವರೆಗೆ ಹುಲಿಗೆ ಅದರ ಅವಶ್ಯಕತೆಯೂ ಇಲ್ಲ.

ಆನೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಅಂತಾರೆ?

ಸಕಲೇಶಪುರ, ಆಲೂರು ಕಡೆಯ ನೆಂಟರು ಬಂದಾಗ ಆನೆ ಮಾತು ಬಿಟ್ಟು ಬೇರೆ ಮಾತಿರುವುದಿಲ್ಲ. ಆನೆಗೂ ಎರಡೇ ಬಗೆಯ ಶಂಕುಕೋಶ. ಆ ದೇಹಕ್ಕೆ ಕಣ್ಣು ಸಣ್ಣದು, ದೂರದ್ದು ಚೊಕ್ಕವಾಗಿ ಕಾಣುವುದಿಲ್ಲ, ಅದು ಜಗತ್ತನ್ನು ಮುಖ್ಯವಾಗಿ ಸೊಂಡಿಲಿನಿಂದ ಮೂಸಿ ತಿಳಿಯುತ್ತದೆ. ಹಾಗಂತ ಕುರುಡಲ್ಲ. ಮುಖಕ್ಕೆ ಟಾರ್ಚ್ ಬಿಟ್ಟು ಪರೀಕ್ಷೆ ಮಾಡುವ ವಸ್ತುವಂತೂ ಅಲ್ಲವೇ ಅಲ್ಲ.

ಜೇನುಹುಳಕ್ಕೆ ಕಾಫಿ ಹೂ ಹೇಗೆ ಕಾಣುತ್ತದೆ?

ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಎರಡು ಮೂರು ದಿನ ತೋಟದೊಳಗೆ ನಿಂತರೆ ಜೇನಿನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಆದರೆ ನಮಗೆ ಕಾಣುವ ಬಿಳಿ ಜೇನಿಗೆ ಕಾಣುವ ಬಣ್ಣ ಅಲ್ಲ. ಜೇನಿಗೂ ಮೂರು ಬಗೆಯ ಕೋಶ ಇವೆ, ಆದರೆ ಅವು ಹಸಿರು, ನೀಲಿ ಮತ್ತು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗೆ. ಕೆಂಪು ಅದಕ್ಕೆ ಹೆಚ್ಚು ಕಡಿಮೆ ಕಪ್ಪು. ಬಿಳಿ ಹೂಗಳಲ್ಲಿ ಹೆಚ್ಚಿನವು ನೇರಳಾತೀತವನ್ನು ಹೀರಿಕೊಂಡು ಉಳಿದದ್ದನ್ನು ಹೊರಗೆ ಕಳಿಸುತ್ತವೆ, ಅಂಥವು ಜೇನಿಗೆ ನೀಲಿಹಸಿರಿನ ಒಂದು ಬಣ್ಣದಲ್ಲಿ ಕಾಣುತ್ತವೆ. ಆ ಬಣ್ಣ ಹೇಗಿರುತ್ತದೆ ಅಂತ ನಾವು ಊಹಿಸಬಹುದು ಅಷ್ಟೇ. ಹಾಲುವಾಣ ಮರದ ಕೆಂಪು ಹೂವಿಗೆ ಹಕ್ಕಿಗಳ ಗಲಾಟೆ ಜಾಸ್ತಿ. ಹಕ್ಕಿಗಳಿಗೆ ಕೆಂಪು ಚೆನ್ನಾಗಿ ಕಾಣುತ್ತದೆ.

ಜೇನಿಗೆ ಬಣ್ಣ ಗೊತ್ತಾಗುತ್ತದೆ ಅಂತ ತೋರಿಸಿದ್ದು ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ. ಬೂದು ಬಣ್ಣದ ರಟ್ಟುಗಳ ನಡುವೆ ಒಂದು ನೀಲಿ ರಟ್ಟು ಇಟ್ಟು, ಅದರ ಮೇಲೆ ಸಕ್ಕರೆ ನೀರು ಕೊಟ್ಟು ರೂಢಿ ಮಾಡಿಸಿದರು. ಆಮೇಲೆ ಸಕ್ಕರೆ ನೀರು ತೆಗೆದರೂ, ರಟ್ಟುಗಳ ಜಾಗ ಬದಲಿಸಿದರೂ ಜೇನು ನೀಲಿಯ ಮೇಲೇ ಬಂದು ಕೂತವು. ಬಣ್ಣ ಕಾಣದೆ ಬರೀ ಹೊಳಪು ಕಂಡಿದ್ದರೆ ಯಾವುದೋ ಒಂದು ಬೂದು ರಟ್ಟಿನ ಜೊತೆ ಗೊಂದಲ ಆಗಬೇಕಿತ್ತು. 1914ರಲ್ಲಿ ಇದು ಪ್ರಕಟವಾಯಿತು, 1973ರಲ್ಲಿ ಅವರಿಗೆ ನೊಬೆಲ್ ಬಂತು. ಈ ಪ್ರಯೋಗವನ್ನು ಮನೆಯ ಅಂಗಳದಲ್ಲೇ ಮಾಡಬಹುದು. ನಮ್ಮ ಮಗಳು ಶಾಲೆಯ ಪ್ರಾಜೆಕ್ಟಿಗೆ ತುಡುವೆ ಜೇನಿನ ಪೆಟ್ಟಿಗೆಯ ಹತ್ತಿರ ಮಾಡಿದ್ದಳು. ಎರಡು ದಿನ ಇರುವೆ ಬಂದು ಕೆಡಿಸಿದವು, ಮೂರನೇ ದಿನ ಆಯಿತು.

ಜೇನಿಗೆ ಒಂದೇ ಹೂ ಸಾವಿರ ಸಲ ಕಾಣುತ್ತದೆ ಅನ್ನುವುದು ಸುಳ್ಳು. ಅದರ ಒಂದೊಂದು ಕಣ್ಣಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಪುಟ್ಟ ಕಣ್ಣುಗಳಿವೆ. ಒಂದೊಂದೂ ಒಂದೊಂದು ಚುಕ್ಕಿ ಕೊಡುತ್ತದೆ, ಎಲ್ಲಾ ಸೇರಿ ಒಂದೇ ಚಿತ್ರ, ರಂಗೋಲಿಯ ಹಾಗೆ. ಚುಕ್ಕಿ ದಪ್ಪ ಇರುವುದರಿಂದ ಚಿತ್ರ ನಮ್ಮದಕ್ಕಿಂತ ತುಂಬಾ ಒರಟು. ಹೂವಿನ ಹತ್ತಿರ ಹೋದ ಮೇಲಷ್ಟೇ ಅದಕ್ಕೆ ದಳಗಳ ವಿವರ ಸಿಗುವುದು.

ಹೆಜ್ಜೇನು ಬೆಳದಿಂಗಳ ರಾತ್ರಿಯಲ್ಲೂ ಮೇವಿಗೆ ಹೋಗುತ್ತದೆ, ತುಡುವೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಆಶ್ಚರ್ಯ ಮರ ಕೊರೆದು ಗೂಡು ಮಾಡುವ ದಪ್ಪ ಕರಿ ಜೇನಿನ ಒಂದು ಜಾತಿ. ಪಶ್ಚಿಮಘಟ್ಟದಲ್ಲಿ ಹೇಮಾ ಸೋಮನಾಥನ್ ಮತ್ತು ಜೊತೆಗಾರರು 2008ರಲ್ಲಿ ತೋರಿಸಿದ ಪ್ರಕಾರ ಅದು ಚಂದ್ರ ಇಲ್ಲದ ರಾತ್ರಿ, ಬರೀ ನಕ್ಷತ್ರದ ಬೆಳಕಿನಲ್ಲಿ, ಬಣ್ಣ ಗುರುತಿಸುತ್ತದೆ. ನಾವು ಬಣ್ಣ ಬಿಡಿ, ಕಾಲ ಕೆಳಗಿನ ಕಲ್ಲು ಕಾಣದೆ ಎಡವುವ ಹೊತ್ತು ಅದು.

ದೀಪ ಹಾಕಿದರೆ ಹಾತೆಗಳು ಯಾಕೆ ಮುತ್ತುತ್ತವೆ?

ಬೆಳಕಿನ ಮೇಲಿನ ಮೋಹ ಅಂತ ಕವಿಗಳು ಬರೆದರು. ಚಂದ್ರ ಅಂತ ತಿಳಿದು ದಾರಿ ತಪ್ಪುತ್ತವೆ ಅಂತ ನಾವು ಓದಿದ್ದೆವು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದಾಗ ಬೇರೆಯದೇ ಕಂಡಿತು. ಹಾರುವ ಹುಳಗಳು ರಾತ್ರಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ತಿಳಿಯಲು ಬೆಳಕಿನ ಕಡೆ ಬೆನ್ನು ಮಾಡುತ್ತವೆ, ಯಾಕೆಂದರೆ ಕಾಡಿನಲ್ಲಿ ರಾತ್ರಿಯೂ ನೆಲಕ್ಕಿಂತ ಆಕಾಶವೇ ಬೆಳಕು. ಮಧ್ಯದಲ್ಲಿ ಒಂದು ಬಲ್ಬ್ ಇದ್ದರೆ ಬೆನ್ನು ಅದರ ಕಡೆ ವಾಲುತ್ತದೆ, ವಾಲಿದರೆ ತಿರುಗುತ್ತದೆ, ತಿರುಗಿ ತಿರುಗಿ ಅಲ್ಲೇ ಸುತ್ತುತ್ತದೆ. ಬಲ್ಬಿನ ಮೇಲೆ ಹಾರಿದ ಹುಳ ಅಂಗಾತ ಆಗಿ ಕೆಳಗೆ ಬೀಳುತ್ತದೆ. ಮೊದಲ ಮಳೆ ಬಂದ ಸಂಜೆ ನಮ್ಮ ಜಗುಲಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು, ಪಾಯಸಕ್ಕೆ ಬೀಳದಿದ್ದರೆ.

ಮಿಂಚುಹುಳದ ಕಣ್ಣು ಇನ್ನೂ ಜಾಣ. ಜೇನಿನ ಹಾಗೆ ಒಂದು ಪುಟ್ಟ ಕಣ್ಣಿಗೆ ಒಂದು ಚುಕ್ಕಿ ಅಲ್ಲ, ನೂರಾರು ಪುಟ್ಟ ಕಣ್ಣಿನ ಬೆಳಕನ್ನು ಒಂದೇ ಜಾಗಕ್ಕೆ ಸೇರಿಸುತ್ತದೆ. ಮತ್ತೆ ಅದೇ ಹತ್ತು ಜನ, ಒಂದು ಚೀಲ. ಸಿಗ್ಮಂಡ್ ಎಕ್ಸ್‌ನರ್ ಎಂಬ ವಿಜ್ಞಾನಿ 1891ರಲ್ಲೇ ಇದನ್ನು ಬಿಡಿಸಿ ಬರೆದರು, ಮಿಂಚುಹುಳದ ಕಣ್ಣನ್ನೇ ಲೆನ್ಸ್ ಮಾಡಿ ಕಿಟಕಿಯಾಚೆಯ ದೃಶ್ಯದ ಫೋಟೋ ಕೂಡ ತೆಗೆಸಿದರು.

ಗೂಬೆಗೆ ಹಗಲು ಕಣ್ಣು ಕಾಣುವುದಿಲ್ಲ ಅಲ್ವಾ?

ಕಾಣುತ್ತದೆ. ಬೆಳಕು ಜಾಸ್ತಿ ಅಂತ ಪಾಪೆ ಕಿರಿದು ಮಾಡಿ, ರೆಪ್ಪೆ ಅರ್ಧ ಮುಚ್ಚಿ ಕೂತಿರುತ್ತದೆ, ಅಷ್ಟೇ. ಗೂಬೆಯ ಕಣ್ಣು ಗೋಲಿಯ ಹಾಗೆ ಇಲ್ಲ, ಕೊಳವೆಯ ಹಾಗೆ ಉದ್ದ ಇದೆ. ಕಣ್ಣಿನ ಗೂಡಿನಲ್ಲಿ ಅದು ತಿರುಗುವುದಿಲ್ಲ. ಅದಕ್ಕೇ ಕತ್ತನ್ನು 270 ಡಿಗ್ರಿ ತಿರುಗಿಸುವುದು. ನಮ್ಮ ಕತ್ತಿನಲ್ಲಿ 7 ಮೂಳೆ, ಅದರದರಲ್ಲಿ 14.

ಕೋಳಿಯದು ಇದಕ್ಕೆ ಪೂರಾ ಉಲ್ಟಾ. ಬಣ್ಣಕ್ಕೆ ನಾಲ್ಕು ಬಗೆಯ ಶಂಕುಕೋಶ, ನೇರಳಾತೀತದ ಅಂಚೂ ಕಾಣುತ್ತದೆ, ಹಗಲಿನಲ್ಲಿ ನಮಗಿಂತ ರಂಗಾದ ಲೋಕ ಅದರದ್ದು. ಸೂರ್ಯ ಮುಳುಗಿದರೆ ಮುಗಿಯಿತು, ಗೂಡಿನ ಕೋಲಿನ ಮೇಲೆ ಕೂತ ಕೋಳಿಯನ್ನು ಎತ್ತಿಕೊಂಡು ಹೋದರೂ ಸುಮ್ನೆ ಇರುತ್ತದೆ. ಕೋಳಿ ಕದಿಯುವವರಿಗೆ ಈ ವಿಜ್ಞಾನ ಮೊದಲಿನಿಂದ ಗೊತ್ತು.

ಬಾವಲಿ ಕುರುಡಾ?

ಅಲ್ಲ. ಹಣ್ಣು ತಿನ್ನುವ ದೊಡ್ಡ ಬಾವಲಿ ಕಣ್ಣಿನಿಂದಲೇ ದಾರಿ ನೋಡುತ್ತದೆ. ಹುಳ ಹಿಡಿಯುವ ಸಣ್ಣವು ಸದ್ದಿನ ಪ್ರತಿಧ್ವನಿ ಬಳಸುತ್ತವೆ, ಆದರೂ ಅವಕ್ಕೂ ಕಣ್ಣು ಕಾಣುತ್ತದೆ.

ಹಾವು ಕಣ್ಣಿನಲ್ಲಿ ನಮ್ಮ ಫೋಟೋ ಹಿಡಿದುಕೊಂಡು ಆಮೇಲೆ ದ್ವೇಷ ತೀರಿಸುತ್ತದಂತೆ?

ಸಿನಿಮಾದಲ್ಲಿ ಮಾತ್ರ. ಹಾವಿಗೆ ರೆಪ್ಪೆಯೇ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇದೆ. ಪೊರೆ ಬಿಡುವ ಮೊದಲು ಅದು ಹಾಲು ಬೆರೆಸಿದ ನೀಲಿಯಾಗುತ್ತದೆ, ಆ ದಿನಗಳಲ್ಲಿ ಹಾವಿಗೆ ಮಸುಕಾಗಿ ಕಾಣುವುದರಿಂದ ಬೇಗ ಗಾಬರಿಯಾಗುತ್ತದೆ. ಕಣ್ಣಿನ ಮೇಲಿನ ಆ ಹುರುಪೆಯೂ ಪೊರೆಯ ಜೊತೆಗೇ ಕಳಚುತ್ತದೆ. ತೋಟದಲ್ಲಿ ಸಿಕ್ಕ ಪೊರೆಯ ತಲೆಯ ಭಾಗ ನೋಡಿ, ಕನ್ನಡಕದ ಗಾಜಿನ ಹಾಗೆ ಎರಡು ಗುಂಡು ಚಿಪ್ಪು ಇರುತ್ತವೆ.

ಕಾಫಿ ಗಿಡದ ಮೇಲೆ ಮಳೆಗಾಲದಲ್ಲಿ ಸುತ್ತಿಕೊಂಡು ಕೂರುವ ಮಲಬಾರ್ ಪಿಟ್ ವೈಪರ್‌ಗೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಗುಳಿ ಇದೆ. ಅದು ಬಿಸಿ ಕಾಣುವ ಗುಳಿ. ತಣ್ಣನೆಯ ರಾತ್ರಿಯಲ್ಲಿ ಬೆಚ್ಚಗಿನ ಇಲಿ ಅದಕ್ಕೆ ಬೇರೆಯಾಗಿ ಎದ್ದು ತೋರುತ್ತದೆ. ಗುಳಿಯ ಸುದ್ದಿಯೂ ಕಣ್ಣಿನ ಸುದ್ದಿಯೂ ಮಿದುಳಿನಲ್ಲಿ ಒಂದೇ ಕಡೆ ಸೇರುತ್ತವೆ. ನಾಗರಹಾವಿಗೂ ಕೊಳಕುಮಂಡಲಕ್ಕೂ ಈ ಗುಳಿ ಇಲ್ಲ. ಗುಳಿ ಇದೆಯಾ ಇಲ್ಲವಾ ಅಂತ ಹತ್ತಿರ ಹೋಗಿ ನೋಡಬೇಡಿ, ನಾನು ಫೋಟೋ ತೋರಿಸುತ್ತೇನೆ.

ಕಾಡುಪಾಪ ನೋಡಲು ಸಿಗುತ್ತದಾ?

ಅದೃಷ್ಟ ಇದ್ದರೆ. ಮುಖದ ತುಂಬಾ ಕಣ್ಣು, ಟಾರ್ಚಿಗೆ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಕೋತಿಯ ದೂರದ ನೆಂಟ ಆದರೂ ಇದಕ್ಕೆ ಕನ್ನಡಿ ಉಳಿದುಕೊಂಡಿದೆ. ಇದರ ಕಣ್ಣು ಕಣ್ಣಿನ ರೋಗಕ್ಕೆ ಔಷಧಿ ಅಂತ ನಂಬಿ ಹಿಂಸೆ ಕೊಟ್ಟವರು ಇದ್ದಾರೆ. ಅದರಿಂದ ಯಾವ ರೋಗವೂ ವಾಸಿಯಾಗುವುದಿಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಜೈಲಂತೂ ಗ್ಯಾರಂಟಿ. ಕಂಡರೆ ಬಿಳಿ ಬೆಳಕು ಆರಿಸಿ, ಕೆಂಪು ಬೆಳಕಿನಲ್ಲಿ ಒಂದು ನಿಮಿಷ ನೋಡಿ ಮುಂದೆ ಹೋಗುತ್ತೇವೆ. ಇದರಲ್ಲಿ ರಾಜಿ ಇಲ್ಲ.

ಶೃಂಗೇರಿಯ ಮೀನುಗಳಿಗೆ ನಾವು ಅಕ್ಕಿ ಹಿಡಿದು ಬಂದದ್ದು ಹೇಗೆ ಗೊತ್ತಾಗುತ್ತದೆ?

ತುಂಗೆಯ ಮೆಟ್ಟಿಲ ಮೇಲೆ ನಿಂತರೆ ಸಾಕು, ಮಹಶೀರ್‌ಗಳು ಮೇಲೆ ಬರುತ್ತವೆ. ನೀರಿನೊಳಗಿನಿಂದ ಮೇಲೆ ನೋಡಿದರೆ ಹೊರಗಿನ ಲೋಕವೆಲ್ಲ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಸೇರಿಕೊಳ್ಳುತ್ತದೆ, ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ. ಆ ಕಡೆಯ ದಡ, ದೇವಸ್ಥಾನ, ಮರ, ನೀವು ಎಲ್ಲರೂ ಅದರ ಅಂಚಿನಲ್ಲಿ ಚಪ್ಪಟೆಯಾಗಿ ಕಾಣುತ್ತೀರಿ. ಕಿಟಕಿಯ ಆಚೆ ಇರುವುದು ನದಿಯ ತಳದ ಪ್ರತಿಬಿಂಬ ಮಾತ್ರ. ಆ ಅಂಚಿನಲ್ಲಿ ಏನೋ ಅಲ್ಲಾಡಿದರೆ ಮೀನಿಗೆ ಊಟದ ಹೊತ್ತು. ಮೀನಿನ ಲೆನ್ಸ್ ಗೋಲಿಯಷ್ಟು ದುಂಡಗೆ ಇರುವುದೂ ನೀರಿನಿಂದಲೇ. ನಮ್ಮಲ್ಲಿ ಬೆಳಕನ್ನು ಹೆಚ್ಚು ಬಾಗಿಸುವುದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಅದು ನೀರಿನೊಳಗೆ ಕೆಲಸ ಮಾಡುವುದಿಲ್ಲ, ಎಲ್ಲಾ ಭಾರ ಲೆನ್ಸಿನ ಮೇಲೆ. ಮೀನಿನ ಸಾರು ತಿನ್ನುವಾಗ ಸಿಗುವ ಬಿಳಿ ಗುಂಡು ಅದೇ. ಅಡುಗೆಯ ಬಿಸಿಗೆ ಬಿಳಿಯಾಗಿರುತ್ತದೆ, ಮೊದಲು ಗಾಜಿನಂತೆ ಇರುತ್ತದೆ.

ಇಂಬಳಕ್ಕೆ ಕಣ್ಣಿದೆಯಾ?

ಇದೆ, ಹತ್ತು. ನಮ್ಮ ಕಾಡಿನ ಇಂಬಳದ ತಲೆಯ ಮೇಲೆ ಐದು ಜೊತೆ ಸಣ್ಣ ಕಪ್ಪು ಚುಕ್ಕಿಗಳು ಕಮಾನಿನ ಹಾಗೆ ಇವೆ. ಲೆನ್ಸ್ ಇಲ್ಲ, ಚಿತ್ರ ಇಲ್ಲ. ಬೆಳಕು ಬಂತು, ನೆರಳು ಬಂತು ಅಷ್ಟು ಗೊತ್ತಾದರೆ ಅದಕ್ಕೆ ಸಾಕು. ನೆರಳು, ನೆಲದ ಅದುರು, ಉಸಿರು ಮೂರೂ ಸೇರಿದರೆ ನೀವು ಬಂದಿದ್ದೀರಿ ಅಂತ ಅರ್ಥ.

ರಾತ್ರಿ ಕಾರಿನ ಹೆಡ್‌ಲೈಟ್‌ಗೆ ಪ್ರಾಣಿ ಯಾಕೆ ಓಡದೆ ನಿಂತುಬಿಡುತ್ತದೆ?

ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಬರುವವರು ಇದನ್ನು ಓದಿಕೊಂಡು ಬನ್ನಿ. ಕತ್ತಲೆಗೆ ಪಾಪೆ ಪೂರ್ತಿ ತೆರೆದಿರುತ್ತದೆ, ಹಿಂದೆ ಕನ್ನಡಿ, ಕಡ್ಡಿಕೋಶಗಳೆಲ್ಲ ಒಂದೇ ಚೀಲಕ್ಕೆ ಸುರಿಯುತ್ತಿರುತ್ತವೆ. ಅಂಥ ಕಣ್ಣಿಗೆ ನಿಮ್ಮ ಹೈ ಬೀಮ್ ಬಿದ್ದರೆ ಬಿಳಿ ಗೋಡೆ ಎದ್ದ ಹಾಗೆ. ಕಾರು ಎಷ್ಟು ದೂರ ಇದೆ, ಯಾವ ಕಡೆ ಓಡಬೇಕು, ಏನೂ ತಿಳಿಯುವುದಿಲ್ಲ. ಹಾರ್ನ್ ಹೊಡೆದು ಅವಸರ ಮಾಡಬೇಡಿ. ನಿಧಾನ ಮಾಡಿ, ಡಿಮ್ ಮಾಡಿ, ಬೇಕಾದರೆ ನಿಲ್ಲಿಸಿ ಲೈಟ್ ಪೂರ್ತಿ ಇಳಿಸಿ. ಸ್ವಲ್ಪ ಹೊತ್ತಿಗೆ ಅದೇ ಹೋಗುತ್ತದೆ. ಒಂದು ಕಡವೆ ದಾಟಿದರೆ ಹಿಂದೆ ಇನ್ನೊಂದು ಇರಬಹುದು, ಅದಕ್ಕೂ ಕಾಯಿರಿ.

ರಾತ್ರಿ ಸುತ್ತಿಗೆ ಏನೇನು ತರಬೇಕು?

ಹೆಡ್ ಟಾರ್ಚ್, ಉದ್ದ ಕಾಲುಚೀಲ, ಸ್ವಲ್ಪ ತಾಳ್ಮೆ. ಟಾರ್ಚ್ ಎಷ್ಟು ಜೋರು ಅನ್ನುವುದು ಮುಖ್ಯ ಅಲ್ಲ. ನಾನೇ ಒಮ್ಮೆ ಪೇಟೆಯಲ್ಲಿ ದುಬಾರಿ ಟಾರ್ಚ್ ತಂದೆ, ಎದುರಿನ ಗುಡ್ಡಕ್ಕೆ ಬೆಳಕು ಬೀಳುತ್ತಿತ್ತು, ಹತ್ತಿರದ ಪ್ರಾಣಿಗಳೆಲ್ಲ ಓಡಿ ಹೋಗುತ್ತಿದ್ದವು, ಮೂರು ತಿಂಗಳಿಗೆ ಅದೂ ಕೆಟ್ಟಿತು. ಮಾಮೂಲಿಯದೇ ಸಾಕು. ಮಳೆಗಾಲವಾದರೆ ಇಂಬಳಕ್ಕೆ ಉಪ್ಪಿನ ಗಂಟು ನಾನೇ ಕೊಡುತ್ತೇನೆ. ಊಟ ಮುಗಿಸಿ, ಲೈಟ್ ಆರಿಸಿ, ಜಗುಲಿಯಲ್ಲಿ ಇಪ್ಪತ್ತು ನಿಮಿಷ ಕೂತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಹೊರಡೋಣ.